ಎರವಲು ಬಂದ ವೀರರು
(ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಈ ವಾಚನಾಲಯದ ಚಾಲಕರು ನನಗೆ ಕೊಟ್ಟ ವಿಷಯವು 'ನಮ್ಮ ನಾಡಿನ ವೀರರು' ಎಂಬದು. ಅಷ್ಟು ದೊಡ್ಡ ವಿಷಯವನ್ನು ಒಂದು ಸಂಜೆಯಲ್ಲಿ ಮುಗಿಸಲು ಹೊರಟರೆ ಹೆಸರುಗಳ ಜಾತ್ರೆಯಾದೀತೇ ಹೊರತು ವಿಚಾರವಾಗಲಾರದು. ಆದುದರಿಂದ ತಮ್ಮ ಅಪ್ಪಣೆ ಪಡೆದು ಅದರ ಒಂದು ಮೂಲೆಯನ್ನಷ್ಟೇ ಹಿಡಿಯುತ್ತೇನೆ. ಆ ಮೂಲೆಯನ್ನು ನನಗೆ ತೋರಿಸಿದ್ದು, ನಿಜ ಹೇಳಬೇಕೆಂದರೆ, ತಮ್ಮ ಊರಿನ ಬಸ್ ನಿಲ್ದಾಣದ ಮುಂದಿನ ಚೌಕವೇ. ಅಲ್ಲಿ ಜನರು ಫ್ಲೆಕ್ಸ್ ಎಂದು ಕರೆಯುವ ದೊಡ್ಡದೊಂದು ಫಲಕವನ್ನು ಕಟ್ಟಿದ್ದಾರೆ. ಅದರಲ್ಲಿ ಕುದುರೆಯನ್ನೇರಿದ ಸಂಗೊಳ್ಳಿ ರಾಯಣ್ಣನು ಅಂಗೈಯಷ್ಟು ಇದ್ದಾನೆ. ಆತನಿಗೆ ಕೈಮುಗಿದು ನಿಂತ ಮುಂದಾಳುಗಳ ಮುಖಗಳು ಮೊರದಷ್ಟು ಇವೆ. ಇವರು ಯಾವ ಪಕ್ಷದವರೆಂಬದನ್ನು ನಾನು ಹೇಳುವದಿಲ್ಲ. ಹೇಳುವ ಅಗತ್ಯವೂ ಇಲ್ಲ. ಏತಕ್ಕೆಂದರೆ ಮುಂದಿನ ಚೌಕದಲ್ಲಿ ಇದಿರು ಪಕ್ಷದವರು ಕಟ್ಟಿದ ಫಲಕವೂ ಅದೇ ಅಳತೆಯದಾಗಿದೆ.

ಸತ್ತು ಎರಡು ನೂರು ವರ್ಷ ಸಮೀಪಿಸಿದ ಬಂಡಾಯಗಾರನೊಬ್ಬನು ಇಂದಿನ ಚುನಾವಣೆಯ ಕಣಕ್ಕೆ ಹೇಗೆ ಬಂದನು? ಬರುವಾಗ ಅವನು ಏನನ್ನು ಹೊತ್ತು ತಂದನು, ಯಾವದನ್ನು ಅವನ ಕೈಯಿಂದ ಕಸಿದುಕೊಂಡು ಬಾಗಿಲ ಹೊರಗೆ ಇಡಿಸಿದರು? ಇಷ್ಟೇ ನನ್ನ ಇಂದಿನ ಮಾತು.

ಮೊದಲು ಮನುಷ್ಯನನ್ನು ನೋಡೋಣ. 1824ರ ಸಪ್ಟಂಬರದಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಶಿವಲಿಂಗಪ್ಪನೆಂಬ ಹುಡುಗನ ದತ್ತಕವನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ಒಪ್ಪಲಿಲ್ಲ. ಅದೇ ವರ್ಷ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆಯು ಬಿದ್ದನು. ಡಿಸೆಂಬರದಲ್ಲಿ ಕೋಟೆಯು ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಇಷ್ಟು ನಮ್ಮ ಮಕ್ಕಳ ಪುಸ್ತಕದಲ್ಲಿಯೇ ಇದೆ. ಆದರೆ ರಾಯಣ್ಣನ ಕಥೆ ಆರಂಭವಾಗುವದು ಕೋಟೆ ಬಿದ್ದ ಮೇಲೆ, ರಾಜ್ಯವೆಂಬದು ಹೋಗಿ ಕಚೇರಿಯೆಂಬದು ಬಂದ ಮೇಲೆ.

ರಾಯಣ್ಣನು ಶೇತಸನದಿಯಾಗಿದ್ದನು. ಊರ ಕಾವಲನ್ನು ಕಾಯ್ದು, ಕರೆ ಬಂದಾಗ ಆಯುಧ ಹಿಡಿದು ಹೋಗಿ, ಅದಕ್ಕೆ ಪ್ರತಿಯಾಗಿ ಸನದಿನ ಭೂಮಿಯನ್ನು ಉಣ್ಣುವವನೇ ಶೇತಸನದಿ. ಅವನು ಸರದಾರನಲ್ಲ, ದೇಸಾಯಿಯಲ್ಲ. ಕುಂಪಣಿ ಸರಕಾರವು ಬಂದ ಕೂಡಲೆ ಇಂಥವರ ಭೂಮಿಗಳ ವಿಚಾರಣೆಗೆ ತೊಡಗಿತು. ರಾಯಣ್ಣನ ಹೊಲದ ಬಹುಭಾಗವು ಜಪ್ತಾಯಿತು. ಉಳಿದ ತುಂಡಿನ ಮೇಲೆ ಕಂದಾಯವು ಏರಿತು. ತಲೆಮಾರುಗಳಿಂದ ಉತ್ತುಂಡ ನೆಲವು ಒಂದು ದಿನ ಬೆಳಗಾಗುವಷ್ಟರಲ್ಲಿ ಕಾಗದದ ಮೇಲೆ ಬೇರೆಯವರದಾಗಿ ಹೋಗುವದೆಂದರೆ ಏನೆಂಬದನ್ನು ಹಳ್ಳಿಗಾಡಿನಲ್ಲಿ ಪಾಠ ಹೇಳುವ ತಮಗೆ ನಾನು ವಿವರಿಸಬೇಕಾಗಿಲ್ಲ.

ಈ ಕಾರಣದಿಂದಲೇ ಅವನ ಬಂಡಾಯದ ರೀತಿಯು ಅರಸರ ಯುದ್ಧದ ರೀತಿಯಾಗಿರಲಿಲ್ಲ. 1829-30ರಲ್ಲಿ ಅವನ ಜನರು ಖಾನಾಪುರ, ನಂದಗಡ, ಸಂಪಗಾಂವಗಳ ಸೀಮೆಯಲ್ಲಿ ಮಿಂಚಿ ಮಾಯವಾದರು. ಬೀಡಿಯ ಕಚೇರಿಗೆ ಬೆಂಕಿ ಬಿದ್ದಿತು, ಖಜಾನೆಗಳು ಲೂಟಿಯಾದವು, ಸರಕಾರಿ ಕಾಗದಪತ್ರಗಳು ಬೂದಿಯಾದವು. ಶಿವಲಿಂಗಪ್ಪನನ್ನು ಗಾದಿಗೆ ಕೂಡಿಸಬೇಕೆಂಬದು ಅವನ ಘೋಷಣೆಯಾಗಿತ್ತು, ಸರಿ. ಆದರೆ ಅವನ ಕೈ ಎಲ್ಲಿಗೆ ಹೋಯಿತೆಂಬದನ್ನು ನೋಡಿರಿ: ಕಚೇರಿಗೆ, ದಫ್ತರಕ್ಕೆ, ಖಜಾನೆಗೆ. ಸಾಹುಕಾರರನ್ನೂ ದೊಡ್ಡ ಹಿಡುವಳಿಗಾರರನ್ನೂ ಅವನು ಬಿಡಲಿಲ್ಲ. ಹಾಗೆ ಹಣ ಕಳಕೊಂಡವರು ಇಂಗ್ಲೀಷರೇನಲ್ಲ; ನಮ್ಮ ನಿಮ್ಮಂಥ ಕನ್ನಡ ಜನರೇ. ಆಳುವವರ ದಫ್ತರದಲ್ಲಿ ಅವನು ದಂಗೆಕೋರನಾದರೆ, ಈ ಮನೆಗಳಲ್ಲಿಯೂ ಆಗ ಅವನಿಗೆ ಅದಕ್ಕಿಂತ ಒಳ್ಳೆಯ ಹೆಸರು ಇದ್ದಿರಲಾರದು. 1830ರ ಏಪ್ರಿಲದಲ್ಲಿ ಅವನು ಸಿಕ್ಕಿಬಿದ್ದನು. ಹಿಡಿದುಕೊಟ್ಟವರು ಕೂಡ ನಮ್ಮವರೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನು ಹುಟ್ಟಿದ್ದು ಆಗಸ್ಟ 15 ಎಂಬದು ರೂಢಿಯ ಮಾತು. ಹುಟ್ಟು ಸಾವುಗಳೆರಡೂ ಇಂದಿನ ರಾಷ್ಟ್ರೀಯ ಹಬ್ಬಗಳ ದಿನವೇ ಬಂದುದರಿಂದ ಮೆರವಣಿಗೆ ತೆಗೆಯುವವರಿಗೆ ಬಹಳ ಅನುಕೂಲವಾಗಿದೆ!

ಅವನ ನೆನಪನ್ನು ಉಳಿಸಿದವರು ಯಾರು? ಯಾವ ಪಕ್ಷವೂ ಅಲ್ಲ. ಆಗ ಪಕ್ಷಗಳೇ ಇರಲಿಲ್ಲ. ಲಾವಣಿಕಾರರು ಉಳಿಸಿದರು. ಮುಂದೆ ಫ್ಲೀಟ್ ಸಾಹೇಬನು ಈ ಭಾಗದ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ಇಂಗ್ಲೀಷಿಗೆ ತಿರುಗಿಸಿ, 1885ರ ಸುಮಾರಿನಿಂದ 'ಇಂಡಿಯನ್ ಆಂಟಿಕ್ವರಿ' ಎಂಬ ಮಾಸಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ರಾಯಣ್ಣನ ದಂಗೆಯ ಪದ ಅವುಗಳಲ್ಲಿದೆ. ಆದಾಯ ತೆರಿಗೆ ಹೇರಿದ್ದನ್ನು ಕುರಿತ ಪದವೂ ಇದೆ. ಗಲ್ಲಿಗೇರಿಸಿದ ಸರಕಾರದ ಅಧಿಕಾರಿಯೇ ಬಂಡಾಯಗಾರನ ಹಾಡನ್ನು ಬರೆದಿಟ್ಟನೆಂಬದು ಚಮತ್ಕಾರವೇ ಸರಿ. ನನಗೆ ಹೆಚ್ಚು ಮುಖ್ಯವಾಗಿ ತೋರುವದು ಬೇರೊಂದು. ಹಾಡುವವರಿಗೆ ಬಂಡಾಯವೂ ತೆರಿಗೆಯೂ ಒಂದೇ ಡಪ್ಪಿನ ಮೇಲೆ ಬಾರಿಸುವ ವಿಷಯಗಳಾಗಿದ್ದವು.

ಇನ್ನು ಎರವಲಿನ ಕಥೆಗೆ ಬರುತ್ತೇನೆ. ಬೆಂಗಳೂರಿನ ದೊಡ್ಡ ರೈಲು ನಿಲ್ದಾಣವು ಈಗ ರಾಯಣ್ಣನ ಹೆಸರನ್ನು ಹೊತ್ತಿದೆ. ಸಂಗೊಳ್ಳಿಯಲ್ಲಿ ಸೈನಿಕ ಶಾಲೆ ಎದ್ದಿದೆ. ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಇಷ್ಟು ವರ್ಷ ತಡವಾದದ್ದೇ ನಾಚಿಕೆಯ ಮಾತು. ಆದರೆ 2016ರಲ್ಲಿ ಭಾರತೀಯ ಜನತಾ ಪಕ್ಷದ ಈಶ್ವರಪ್ಪನವರು 'ಸಂಗೊಳ್ಳಿ ರಾಯಣ್ಣ ಬ್ರಿಗೇಡ್' ಎಂಬದನ್ನು ಕಟ್ಟಹೊರಟಾಗ ನಡೆದದ್ದನ್ನು ನೆನೆಯಿರಿ. ಕುರುಬರನ್ನೂ ಇತರ ಹಿಂದುಳಿದವರನ್ನೂ ದಲಿತರನ್ನೂ ಅದರ ಕೆಳಗೆ ಕೂಡಿಸಬೇಕು. ಸಿದ್ಧರಾಮಯ್ಯನವರ ಬೆನ್ನಿಗಿದ್ದ ಬಲದಲ್ಲಿ ಒಂದು ಪಾಲನ್ನು ಈಚೆಗೆ ಎಳೆಯಬೇಕು - ಲೆಕ್ಕವು ಹೀಗಿತ್ತು. ಅದೇ ಪಕ್ಷದ ರಾಜ್ಯಾಧ್ಯಕ್ಷ ಯಡಿಯೂರಪ್ಪನವರಿಗೆ ಅದು ಸರಿಬೀಳಲಿಲ್ಲ. ಜಗಳವು ದಿಲ್ಲಿಯವರೆಗೆ ಹೋಯಿತು. ಆ ತಿಂಗಳುಗಳ ವಾದವಿವಾದದಲ್ಲಿ ಎಷ್ಟು ಸ್ಥಾನ, ಯಾರಿಗೆ ಟಿಕೆಟು, ಯಾರ ಹಿಂದೆ ಯಾವ ಸಮಾಜ ಎಂಬ ಮಾತುಗಳೇ ನಡೆದವು. ಸನದಿನ ಹೊಲದ ಮಾತು ಎಲ್ಲಿಯೂ ಬರಲಿಲ್ಲ. ಕಾಂಗ್ರೆಸ್ಸಿನವರ ವೇದಿಕೆಯ ಮೇಲೆ ರಾಯಣ್ಣನ ಗತಿ ಇದಕ್ಕಿಂತ ಉತ್ತಮವಾಗಿದೆಯೆಂದು ಯಾರೂ ತಿಳಿಯಬಾರದು. ಅಲ್ಲಿಯೂ ಅವನು ಮೊದಲು ಒಂದು ಜಾತಿಯವನು, ಆಮೇಲೆ ಬಂಡಾಯಗಾರನು.

ಇನ್ನೊಂದು ಅವತಾರವನ್ನೂ ಅವನಿಗೆ ತೊಡಿಸಿದ್ದಾರೆ. 2020ರ ಆಗಸ್ಟದಲ್ಲಿ ಬೆಳಗಾವಿಯ ಹತ್ತಿರ ಪೀರನವಾಡಿಯಲ್ಲಿ, ಶಿವಾಜಿಯ ಮೂರ್ತಿ ಇದ್ದ ಚೌಕದಲ್ಲಿಯೇ ಒಂದು ರಾತ್ರಿ ರಾಯಣ್ಣನ ಮೂರ್ತಿ ನಿಂತಿತು. ಮರುದಿನ ಕನ್ನಡಿಗರು ಒಂದು ಕಡೆ, ಮರಾಠಿಗರು ಇನ್ನೊಂದು ಕಡೆ, ನಡುವೆ ಪೋಲೀಸರ ಲಾಠಿ. 2021ರ ಡಿಸೆಂಬರದಲ್ಲಿ ಬೆಂಗಳೂರಿನಲ್ಲಿ ಶಿವಾಜಿಯ ಮೂರ್ತಿಗೆ ಮಸಿ ಬಳಿದರು. ಅದರ ಬೆನ್ನಿಗೆ ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಮೂರ್ತಿಯನ್ನು ಕೆಡಿಸಿದರು. ನಮ್ಮ ನಾಡಿನ ಗಡಿಯ ಬಗ್ಗೆ ನನಗಿರುವ ಅಭಿಮಾನವು ತಮ್ಮಲ್ಲಿ ಯಾರಿಗೂ ಕಡಿಮೆಯದಲ್ಲ. ಬೆಳಗಾವಿಯು ಕರ್ನಾಟಕದ್ದೆಂಬದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೂ ಕೇಳುತ್ತೇನೆ: ರಾಯಣ್ಣನು ಶಿವಾಜಿಯೊಡನೆ ಯಾವಾಗ ಜಗಳಾಡಿದ್ದನು? ಒಬ್ಬನು ಸತ್ತು ನೂರಕ್ಕಿಂತ ಹೆಚ್ಚು ವರ್ಷಗಳಾದ ಮೇಲೆ ಇನ್ನೊಬ್ಬನು ಹುಟ್ಟಿದನು. ಇವರಿಬ್ಬರನ್ನೂ ಒಂದೇ ಚೌಕದಲ್ಲಿ ಬೆನ್ನಿಗೆ ಬೆನ್ನು ಕೊಡಿಸಿ ನಿಲ್ಲಿಸಿದವರು ನಾವು. ಕಿತ್ತೂರಿನ ದೇಸಾಯಿಯು 1818ರಲ್ಲಿ ಬೆಳಗಾವಿಯ ಕೋಟೆಯ ಮುತ್ತಿಗೆಯಲ್ಲಿ ಪೇಶವೆಯ ವಿರುದ್ಧ ಇಂಗ್ಲೀಷ ಸೇನಾಪತಿ ಮನ್ರೋನಿಗೆ ನೆರವಾದನೆಂಬದೂ ಇತಿಹಾಸವೇ. ಆರು ವರ್ಷಗಳ ನಂತರ ಅದೇ ಇಂಗ್ಲೀಷರು ಕಿತ್ತೂರನ್ನು ನುಂಗಿದರು. ಇದನ್ನು ಫಲಕದ ಮೇಲೆ ಬರೆಯುವವರು ಯಾರೂ ಇಲ್ಲ, ಏತಕ್ಕೆಂದರೆ ಇದರಿಂದ ಯಾರಿಗೂ ಮತಗಳು ಬರಲಾರವು.

ತೆಂಕಣ ಕರಾವಳಿಗೆ ಹೋಗೋಣ. 1834ರಲ್ಲಿ ಕೊಡಗು ಕುಂಪಣಿಯ ಪಾಲಾದ ಮೇಲೆ ಅಮರಸುಳ್ಯದ ಮಾಗಣೆಯನ್ನು ಕನ್ನಡ ಜಿಲ್ಲೆಗೆ ಸೇರಿಸಿದರು. ಅಲ್ಲಿಯ ರೈತರು ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆದ ಬೆಳೆಯಲ್ಲಿ ಕೊಡುತ್ತಿದ್ದರು. ಈಗ ನಗದು ಕೊಡಬೇಕಾಯಿತು. ಉಪ್ಪು, ಹೊಗೆಸೊಪ್ಪುಗಳು ಸರಕಾರದ ಸ್ವತ್ತಾದವು. 1837ರಲ್ಲಿ ಅವರು ಎದ್ದರು. ಹಾಲೇರಿ ಮನೆತನದ ಕಲ್ಯಾಣಸ್ವಾಮಿಯೇ ತಾನೆಂದು ಹೇಳಿಕೊಂಡ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು ಕೆದಂಬಾಡಿ ರಾಮಯ್ಯಗೌಡ ಮೊದಲಾದವರು ಬೆಳ್ಳಾರೆಯ ಖಜಾನೆಯನ್ನು ವಶಮಾಡಿಕೊಂಡು, ಏಪ್ರಿಲ 5ರಂದು ಮಂಗಳೂರನ್ನೇ ಹಿಡಿದು, ಹದಿಮೂರು ದಿನ ಆಳಿದರು. ಎರವಲು ತರುವ ವಿದ್ಯೆಯು ಬಂಡಾಯಗಾರರಿಗೂ ತಿಳಿದಿತ್ತೆಂದಾಯಿತು! ಕೊಡಗಿನ ದಿವಾನರು ಮಾತ್ರ ಕುಂಪಣಿಯ ಕಡೆ ನಿಂತರು; ಕುಂಪಣಿಯು ತನಗೆ ನೆರವಾದವರಿಗೆ ಪದಕ ಕೊಟ್ಟಿತು. ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅದೇ ವರ್ಷ ಅಕ್ಟೋಬರದಲ್ಲಿ ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಈ ದಂಗೆಗೆ ಜನರ ಬಾಯಲ್ಲಿ ಬಹುಕಾಲ ಇದ್ದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ಸುಲಿಗೆಯ ಗದ್ದಲ. ಈಗ ಅದು 'ಅಮರಸುಳ್ಯ ಸ್ವಾತಂತ್ರ್ಯ ಸಮರ'ವಾಗಿದೆ. 2022ರ ನವೆಂಬರ 19ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡನ ಮೂರ್ತಿಯನ್ನು ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಅನಾವರಣ ಮಾಡಿದರು. ಆರು ತಿಂಗಳೊಳಗೆ ವಿಧಾನಸಭೆಯ ಚುನಾವಣೆ ಬಂದಿತು. ಹೆಸರು ಬದಲಾದದ್ದು ಅನ್ಯಾಯವೆಂದು ನಾನು ಹೇಳುವದಿಲ್ಲ. ಗೆದ್ದವರು ಕೊಟ್ಟ ಬೈಗುಳವನ್ನು ಸೋತವರ ಮೊಮ್ಮಕ್ಕಳು ಯಾಕೆ ಹೊರಬೇಕು? ನನ್ನ ಪ್ರಶ್ನೆ ಇಷ್ಟೇ: ರಾಮಯ್ಯಗೌಡನ ಪಕ್ಕದಲ್ಲಿ ಆ ನಗದು ಕಂದಾಯದ ಮಾತನ್ನು, ಪೇಟೆಯ ಬೆಲೆ ಇಳಿದಾಗ ಬೆಳೆಗಾರನ ಕೈ ಬರಿದಾಗುವ ಮಾತನ್ನು, ಅಂದು ಆಡಿದವರು ಎಷ್ಟು ಜನ?

ಇಷ್ಟರ ಮಟ್ಟಿಗೆ ವೀರರಾದರೂ ನಿಜವಾಗಿ ಬದುಕಿದ್ದವರು. ಮಂಡ್ಯದ ಕಥೆಯಲ್ಲಿ ಅದೂ ಗಟ್ಟಿಯಿಲ್ಲ. ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಟಿಪ್ಪುವನ್ನು ಕೊಂದರೆಂಬ ಮಾತನ್ನು ಮೈಸೂರಿನ ರಂಗಾಯಣದಲ್ಲಿ 2022ರಲ್ಲಿ ಆಡಿದ ನಾಟಕವೊಂದು ರಂಗದ ಮೇಲೆ ತಂದಿತು. ಮುಂದಾಳುಗಳು ಅದನ್ನು ಬೀದಿಗೆ ತಂದರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯನ್ನು ಇಂಗ್ಲೀಷರ ಸೈನ್ಯವು ಏರಿದ ದಿನ ಟಿಪ್ಪುವು ಸತ್ತನೆಂಬದಕ್ಕೆ ಅಂದಿನ ಬರಹಗಳು ಬೇಕಾದಷ್ಟಿವೆ. ಈ ಇಬ್ಬರ ಕೈಯಿಂದ ಸತ್ತನೆಂಬದಕ್ಕೆ ಇತಿಹಾಸಕಾರರು ಒಪ್ಪುವ ಆಧಾರವನ್ನು ಯಾರೂ ತರಲಿಲ್ಲ. ಆದರೂ 2023ರ ಮಾರ್ಚದಲ್ಲಿ ಪ್ರಧಾನಮಂತ್ರಿಯವರು ಮಂಡ್ಯಕ್ಕೆ ಬರುವಾಗ ಅವರ ಹೆಸರಿನ ಕಮಾನು ಎದ್ದಿತು. ಆಕ್ಷೇಪ ಬಂದೊಡನೆ ಅದರ ಮೇಲೆ ಬಾಲಗಂಗಾಧರನಾಥ ಸ್ವಾಮಿಗಳ ಹೆಸರು ಬಂದಿತು. ಮಂತ್ರಿ ಮುನಿರತ್ನರವರು ಚಲಚ್ಚಿತ್ರವನ್ನೇ ತೆಗೆಯಲು ಹೊರಟಿದ್ದರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮಿಗಳನ್ನು ಕಂಡು ಬಂದ ಮೇಲೆ ಅದನ್ನು ಕೈಬಿಟ್ಟರು. ಒಕ್ಕಲಿಗರ ಗೌರವಕ್ಕೆಂದು ಹೊಲಿಸಿದ ಪೇಟವನ್ನು ಒಕ್ಕಲಿಗರ ಮಠವೇ ಬೇಡವೆಂದಿತು. ಆ ಮೇ ತಿಂಗಳಲ್ಲಿ ಮಂಡ್ಯ ಜಿಲ್ಲೆಯ ಏಳು ಸ್ಥಾನಗಳಲ್ಲಿ ಆ ಪಕ್ಷಕ್ಕೆ ಒಂದೂ ಬರಲಿಲ್ಲ. ಇದು ಆ ಕಥೆಯಿಂದಲೇ ಆಯಿತೆಂದು ನಾನು ವಾದಿಸುವದಿಲ್ಲ. ಮಂಡ್ಯದಲ್ಲಿ ಆ ಪಕ್ಷಕ್ಕೆ ಹಿಂದೆಯೂ ನೆಲೆ ಕಡಿಮೆ. ಕಥೆಯು ಅದನ್ನು ಉಳಿಸಲಿಲ್ಲವೆಂದಷ್ಟೇ ಹೇಳಬಹುದು.

ಟಿಪ್ಪುವಿನ ಮಾತನ್ನು ನಾನು ಬೆಳೆಸುವದಿಲ್ಲ. ಆತನು ಅರಸನು, ಬಂಡಾಯಗಾರನಲ್ಲ. ಆತನ ಜಯಂತಿಯನ್ನು 2015ರಲ್ಲಿ ಒಂದು ಸರಕಾರವು ಆರಂಭಿಸಿತು, 2019ರಲ್ಲಿ ಇನ್ನೊಂದು ಸರಕಾರವು ನಿಲ್ಲಿಸಿತು. ಎರಡು ಸಲವೂ ಲೆಕ್ಕ ಹಾಕಿದವರು ಇತಿಹಾಸಕಾರರಲ್ಲ.

ಯಾರನ್ನು ಎರವಲು ತಂದರೆಂಬದನ್ನು ನೋಡಿದೆವು. ಯಾರನ್ನು ತರಲಿಲ್ಲವೆಂಬದನ್ನೂ ನೋಡಬೇಕು. ಗುಟ್ಟು ಇರುವದು ಅಲ್ಲಿಯೇ. ನರಗುಂದದ ಬಾಬಾಸಾಹೇಬನ ಕಥೆಯು ಕಿತ್ತೂರಿನ ಕಥೆಯ ತಮ್ಮನಂತಿದೆ. ಅವನಿಗೂ ದತ್ತಕದ ಒಪ್ಪಿಗೆ ಸಿಗಲಿಲ್ಲ. 1858ರ ಮೇ ತಿಂಗಳಲ್ಲಿ ಅವನ ಜನರು ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ನನನ್ನು ಕೊಂದರು. ಜೂನ 12ರಂದು ಬೆಳಗಾವಿಯಲ್ಲಿ ಅವನು ಗಲ್ಲಿಗೇರಿದನು. ಅವನ ಚಿತ್ರವನ್ನು ಹೊತ್ತ ಪಕ್ಷದ ಮೆರವಣಿಗೆಯನ್ನು ನಾನು ಇದುವರೆಗೆ ಕಂಡಿಲ್ಲ. ಅವನು ಬ್ರಾಹ್ಮಣನು, ಮನೆತನವೋ ಭಾವೆಯವರದು. ಯಾವ ಮತಕ್ಷೇತ್ರದಲ್ಲಿ ಅವನನ್ನು ನಿಲ್ಲಿಸುವದು? ಅಷ್ಟು ದೂರ ಯಾಕೆ? ರಾಯಣ್ಣನ ಬಲಗೈಯೆಂದು ಜನಪದರು ನೆನೆಯುವ ಗಜವೀರನು ಸಿದ್ದಿಯವನು. ಹಳಿಯಾಳ, ಯಲ್ಲಾಪುರ, ಖಾನಾಪುರಗಳ ಕಾಡಂಚಿನಲ್ಲಿ ಇಂದಿಗೂ ಸಿದ್ದಿಗಳಿದ್ದಾರೆ. ಅವರ ಎಣಿಕೆ ಚಿಕ್ಕದು. ಅದೇ ಕಾಡು, ಅದೇ ಕತ್ತಿ, ಅದೇ ಬಂಡಾಯ. ಒಬ್ಬನು ಚೌಕಕ್ಕೆ ಬಂದನು, ಇನ್ನೊಬ್ಬನು ಲಾವಣಿಯಲ್ಲಿಯೇ ಉಳಿದನು.

ಇಲ್ಲಿ ಒಬ್ಬ ಹಿರಿಯರು ಮುಗುಳ್ನಗುತ್ತಿರುವದನ್ನು ಕಾಣುತ್ತೇನೆ. "ಏಕೀಕರಣದವರೇನು ಕಡಿಮೆ ಎರವಲು ತಂದಿರಾ?" ಎಂಬದು ಆ ನಗೆಯ ಅರ್ಥವೆಂದು ತಿಳಿಯುತ್ತೇನೆ. ತಂದೆವು, ಸ್ವಾಮೀ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಜನರನ್ನು ಒಂದುಗೂಡಿಸುವಾಗ ನಮಗೆ ಚೆನ್ನಮ್ಮನು ಬೇಕಾದಳು. ಆಕೆಯು ಕನ್ನಡ ಪ್ರಾಂತಕ್ಕಾಗಿ ಕಾದಲಿಲ್ಲ. ಗಾದಿಯ ಹಕ್ಕಿಗಾಗಿ, ಖಜಾನೆಗಾಗಿ, ಮಾನಕ್ಕಾಗಿ ಕಾದಿದಳು. ನಾವು ಆಕೆಯ ಬಾಯಲ್ಲಿ ನಮ್ಮ ಮಾತನ್ನು ಇಟ್ಟೆವು. 1956ರಲ್ಲಿ ನಾಡು ಒಂದಾದ ಮೇಲೆ ಆ ಎರವಲನ್ನು ಹಿಂದಿರುಗಿಸುವದನ್ನು ಮರೆತೆವು; ನಮ್ಮನ್ನು ನೋಡಿ ಕಲಿತವರೇ ಇಂದು ಫಲಕ ಕಟ್ಟುತ್ತಿದ್ದಾರೆಂದರೆ ನಾನು ಇಲ್ಲವೆನ್ನಲಾರೆ. ಆದರೂ ಒಂದು ಭೇದವುಂಟು. ಅಂದು ಆಕೆಯ ಹೆಸರು ಹಿಡಿದು ಕೂಗಿದಾಗ ಧಾರವಾಡದವನೂ ಮಂಗಳೂರಿನವನೂ ಹತ್ತಿರ ಬಂದರು. ಇಂದು ರಾಯಣ್ಣನ ಹೆಸರು ಹಿಡಿದು ಕೂಗಿದರೆ ಒಂದೇ ಓಣಿಯವರು ಎರಡು ಕಡೆ ಸರಿದು ನಿಲ್ಲುತ್ತಾರೆ.

ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ. ನಾನು ಬಲ್ಲ ಒಂದು ಹಳ್ಳಿಯ ಶಾಲೆಯಲ್ಲಿ ಆಗಸ್ಟ 15ಕ್ಕೆ ರಾಯಣ್ಣನ ರೂಪಕವನ್ನು ಆಡಿಸಬೇಕೆಂದು ಮಾಸ್ತರರು ಯೋಚಿಸಿದರು. ರಾಯಣ್ಣನಾಗುವವರು ಯಾರೆಂದು ಕೇಳಿದಾಗ ಮೊದಲು ಎದ್ದು ನಿಂತ ಹುಡುಗನ ಧ್ವನಿಯೂ ಚೆನ್ನಾಗಿತ್ತು, ನಿಲುವೂ ಚೆನ್ನಾಗಿತ್ತು. ಮರುದಿನ ಊರಿನ ಮೂವರು ಬಂದರು. "ಆ ಹುಡುಗ ನಮ್ಮ ಪೈಕಿ ಅಲ್ಲರೀ ಸರ, ರಾಯಣ್ಣ ನಮ್ಮಾಂವ" ಎಂದರು. ಅವರು ಕೆಟ್ಟ ಜನರಲ್ಲ. ಶಾಲೆಯ ಗೋಡೆ ಬಿದ್ದಾಗ ಕಲ್ಲು ಹೊತ್ತು ಕಟ್ಟಿಸಿಕೊಟ್ಟವರು ಅವರೇ. ಹಿಂದಿನ ವಾರ ತಾಲೂಕಿನ ಸಭೆಗೆ ಹೋಗಿ ಹೆಗಲಿಗೆ ಶಾಲು ಹಾಕಿಸಿಕೊಂಡು ಬಂದಿದ್ದರು, ಅಷ್ಟೇ. ಮಾಸ್ತರರು ಬಹಳ ಹೊತ್ತು ಮಾತಾಡಿದರು. ಕೊನೆಗೆ ರೂಪಕವೇ ನಿಂತಿತು. ಅದರ ಬದಲು ಒಂದು ಕೋಲಾಟವಾಯಿತು.

ಆ ಮೂವರಲ್ಲಿ ಒಬ್ಬನ ಹೊಲವು ಅರಣ್ಯದ ಹದ್ದಿಗೆ ಹತ್ತಿದ್ದು. ಅಜ್ಜನ ಕಾಲದಿಂದ ಉಳುತ್ತ ಬಂದಿದ್ದರೂ ಪಹಣಿಯಲ್ಲಿ ಹೆಸರಿಲ್ಲ. ಬಗರಹುಕುಂ ಅರ್ಜಿಯನ್ನು ಹಿಡಿದು ತಾಲೂಕು ಕಚೇರಿಗೆ ಎಷ್ಟು ಸಲ ಅಲೆದಿದ್ದಾನೆಂಬದನ್ನು ಅವನೇ ನನಗೆ ಹೇಳಿದ್ದಾನೆ. ಅವನಿಗೆ ಶಾಲು ಹಾಕಿದವರು ಆ ಅರ್ಜಿಯ ಬಗ್ಗೆ ಒಂದು ಮಾತು ಕೇಳಲಿಲ್ಲ; ಅವನೂ ಆ ವೇದಿಕೆಯ ಮೇಲೆ ಅದನ್ನು ತೆಗೆಯಲಿಲ್ಲ. ರಾಯಣ್ಣನ ಹೆಸರಿನ ಸಭೆಯಲ್ಲಿ ಹೊಲದ ಮಾತು ಅಪ್ರಸ್ತುತವೆಂದು ಅವನಿಗೆ ತೋರಿತಂತೆ!

ರೂಪಕ ನಿಂತ ಮೇಲೆ ಆ ಹುಡುಗನು ಮಾಸ್ತರರ ಬಳಿಗೆ ಬಂದನು. ಅಳಲಿಲ್ಲ, ದೂರಲಿಲ್ಲ. ತಾನು ಬಾಯಿಪಾಠ ಮಾಡಿದ್ದ ಮಾತುಗಳಲ್ಲಿ ಕಚೇರಿ ಸುಡುವ ಭಾಗವಿತ್ತು. ಅದು ಅವನ ತಲೆಯಲ್ಲಿ ಉಳಿದುಬಿಟ್ಟಿತ್ತು. "ಸರ, ರಾಯಣ್ಣ ಸುಟ್ಟ ಕಾಗದದಾಗ ಏನ ಬರದಿತ್ತರೀ?" ಎಂದು ಕೇಳಿದನು. ಮಾಸ್ತರರು ಅವನನ್ನು ಕೂಡಿಸಿಕೊಂಡರು. ಸನದು ಎಂದರೇನು, ಜಪ್ತಿ ಎಂದರೇನು, ಅಕಾರ ಎಂದರೇನು, ಒಂದು ಗೆರೆ ಬರೆದರೆ ಒಬ್ಬನ ಹೊಲ ಹೇಗೆ ಹೋಗುತ್ತದೆ ಎಂಬದನ್ನು ಹೇಳುತ್ತ ಹೋದಂತೆ ಇನ್ನೂ ನಾಲ್ಕಾರು ಹುಡುಗರು ಸುತ್ತ ಬಂದು ಕುಳಿತರು. ಅವರಲ್ಲಿ ಆ ಮೂವರ ಮಕ್ಕಳೂ ಇದ್ದರು. ಮರುದಿನ ಒಬ್ಬ ಹುಡುಗನು ಮನೆಯಿಂದ ತಮ್ಮ ಹೊಲದ ಪಹಣಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಬಂದನು, ಅದನ್ನು ಓದಿ ಹೇಳಬೇಕೆಂದು.